ಅಂಗಳದಲ್ಲಿ ಆಯಿಲ್ ಬದಲಿಸುವವರಿಗೆ

ಎಂಜಿನ್ ಆಯಿಲ್ ಬದಲಿಸುವುದು ನಮ್ಮ ಬೀಳಗಿ ಸೀಮೆಗೆ ಹೊಸ ವಿದ್ಯೆಯೇನಲ್ಲ. ಕೃಷ್ಣೆ, ಘಟಪ್ರಭೆಯ ದಂಡೆಯ ತೋಟಗಳಲ್ಲಿ ಡೀಸೆಲ್ ಪಂಪ್ ಎಂಜಿನ್ನುಗಳು ಸದ್ದು ಮಾಡುತ್ತಿದ್ದ ಕಾಲದಲ್ಲಿ ಅವುಗಳ ಹೊಟ್ಟೆಯ ಎಣ್ಣೆ ಅಳೆಯುತ್ತಿದ್ದವರು, ಹಳೆಯದನ್ನು ಇಳಿಸಿ ಹೊಸದನ್ನು ತುಂಬುತ್ತಿದ್ದವರು ರೈತರೇ. ಗಲಗಲಿ, ಗಿರಿಸಾಗರದ ಹೊಳೆಸಾಲಿಗೆ ಪೇಟೆಯಿಂದ ಫಿಟ್ಟರ್ ಬರುವತನಕ ಕಾದಿದ್ದರೆ ಬೆಳೆ ಒಣಗುತ್ತಿತ್ತು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಟ್ಟಿದ, ಮೊದಮೊದಲು ಕಬ್ಬಿಣದ ನೇಗಿಲು ತಯಾರಿಸುತ್ತಿದ್ದ ಉದ್ಯಮ ಮುಂದೆ ಎಂಜಿನ್ನು, ಪಂಪುಗಳನ್ನು ಹಳ್ಳಿಹಳ್ಳಿಗೆ ತಲುಪಿಸಿತು. ಆ ಎಂಜಿನ್ನುಗಳ ಜೊತೆಗೇ ಪಾನಾ ಹಿಡಿಯುವ ವಿದ್ಯೆಯೂ ಹಳ್ಳಿಗೆ ಬಂತು. ಮಹಾಲಿಂಗಪುರದ ಪೇಟೆಗೆ ಬೆಲ್ಲ ಕಳಿಸುವ ಗಾಣಗಳಲ್ಲಿ ಎಂಜಿನ್ ನೋಡಿಕೊಂಡವರು ಗಾಣದವರೇ. ರಬಕವಿ, ಬನಹಟ್ಟಿಯ ಮನೆಗಳಲ್ಲಿ ಮಗ್ಗಕ್ಕೆ ಎಣ್ಣೆ ಬಿಡುವುದಕ್ಕೆ ಇಂದಿಗೂ ಯಾರೂ ಹೊರಗಿನವರನ್ನು ಕರೆಯುವುದಿಲ್ಲ. ಟ್ರ್ಯಾಕ್ಟರಿನ ಮೀಟರಿನಲ್ಲಿ ಇನ್ನೂರೈವತ್ತು ತಾಸು ತುಂಬಿತೆಂದರೆ ಆಯಿಲ್ ಬದಲಿಸಬೇಕು ಎಂಬುದು ಶಾಲೆಗೆ ಹೋಗುವ ಹುಡುಗನಿಗೂ ಗೊತ್ತಿದೆ.

ಕಾರು ಬಂದಮೇಲೆ ಏಕೋ ಆ ಕೈ ಹಿಂದೆ ಸರಿಯಿತು. ಟ್ರ್ಯಾಕ್ಟರಿನ ಕೆಳಗೆ ಸಲೀಸಾಗಿ ನುಸುಳುವ ಮನುಷ್ಯ ಕಾರಿನ ಬಾನೆಟ್ ಎತ್ತಲು ಹಿಂದೆಮುಂದೆ ನೋಡುತ್ತಾನೆ. ಅದರೊಳಗೆ ಕಂಪ್ಯೂಟರ್ ಇದೆ, ಮುಟ್ಟಿದರೆ ಕೆಟ್ಟೀತು ಎಂಬ ಅಂಜಿಕೆ. ಕಂಪ್ಯೂಟರ್ ಇರುವುದು ನಿಜ. ಆದರೆ ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಸಂಪ್, ಅದನ್ನು ಇಳಿಸಲು ಒಂದು ಬೋಲ್ಟ್, ಪಕ್ಕದಲ್ಲೊಂದು ಫಿಲ್ಟರ್, ಮೇಲೆ ಎಣ್ಣೆ ತುಂಬುವ ಮುಚ್ಚಳ, ಇವು 1983ರ ಕೊನೆಗೆ ರಸ್ತೆಗಿಳಿದ ಮಾರುತಿ 800ರಲ್ಲಿ ಹೇಗಿದ್ದವೋ ಇಂದಿನ ಬಹುಪಾಲು ಸಣ್ಣ ಕಾರುಗಳಲ್ಲೂ ಹೆಚ್ಚುಕಡಿಮೆ ಹಾಗೆಯೇ ಇವೆ. ಪಂಪ್ ಎಂಜಿನ್ನನ್ನು ಪಳಗಿಸಿದ ಕೈಗೆ ಇದು ಹೊರತಾದ ಕೆಲಸವಲ್ಲ.

ಕೂಲಿ ಉಳಿಯುತ್ತದೆ ಎಂಬ ಆಸೆ ತೋರಿಸಿ ನಾನು ಇದನ್ನು ಹೇಳುತ್ತಿಲ್ಲ. ಊರ ಗ್ಯಾರೇಜಿನಲ್ಲಿ ಈ ಕೆಲಸಕ್ಕೆ ಕೇಳುವ ಕೂಲಿ ದೊಡ್ಡದಲ್ಲ. ಮಿಸ್ತ್ರಿಗಳ ಅನ್ನಕ್ಕೆ ಕಲ್ಲು ಹಾಕುವ ಮನಸ್ಸೂ ನನಗಿಲ್ಲ. ಹೊಸ ಕಾರು ಇನ್ನೂ ವಾರಂಟಿಯಲ್ಲಿದ್ದರೆ ಕಂಪನಿಯ ಸರ್ವಿಸಿಗೇ ಬಿಡಿ, ಬಿಲ್ ಜೋಪಾನ ಮಾಡಿ. ವಾರಂಟಿ ಮುಗಿದ ಮೇಲೆ, ಮಾಲೀಕ ವರ್ಷಕ್ಕೆ ಒಂದು ಸಲವಾದರೂ ತನ್ನ ಗಾಡಿಯ ಕೆಳಮೈ ನೋಡಬೇಕು ಎಂಬುದು ನನ್ನ ಮಾತು. ಟೈರಿನ ಒಳಮೈ ಸವೆದದ್ದು, ಆಕ್ಸಲ್ಲಿನ ರಬ್ಬರ್ ಬೂಟು ಹರಿದದ್ದು, ಬ್ರೇಕ್ ಪೈಪಿನ ಹತ್ತಿರ ಜಿನುಗು ಕಟ್ಟಿದ್ದು, ಇವೆಲ್ಲ ಮೇಲಿನಿಂದ ಕಾಣುವುದಿಲ್ಲ. ಆಯಿಲ್ ಬದಲಿಸಲು ಬಗ್ಗಿದವನ ಕಣ್ಣಿಗೆ ಬೀಳುತ್ತವೆ. ಯಾವ ಎಣ್ಣೆ ಒಳಗೆ ಹೋಯಿತು, ಎಷ್ಟು ಹೋಯಿತು ಎಂಬುದೂ ಆಗ ಅನುಮಾನವಿಲ್ಲದೆ ಗೊತ್ತಿರುತ್ತದೆ. ಇನ್ನೊಂದು ಕಾರಣವೂ ಇದೆ. ಹೊರಗೆ ಬಂದ ಕರಿ ಎಣ್ಣೆ ಎಲ್ಲಿಗೆ ಹೋಯಿತು ಎಂಬುದಕ್ಕೆ ಆಗ ನಾವೇ ಜವಾಬ್ದಾರರಾಗುತ್ತೇವೆ. ಇಂದಿನ ಮಾತಿನಲ್ಲಿ ನನಗೆ ಮುಖ್ಯವಾದದ್ದು ಅದೇ. ಅಲ್ಲಿಗೆ ಬರುವ ಮೊದಲು ಕೆಲಸದ ಮಾತಾಡೋಣ.

ಎಂಜಿನ್ ಮೂರು ಸಾವಿರ ಆರ್‌ಪಿಎಂನಲ್ಲಿ ಓಡುತ್ತಿದೆ ಎಂದರೆ ಅದರ ಕ್ರ್ಯಾಂಕ್ ಸೆಕೆಂಡಿಗೆ ಐವತ್ತು ಸುತ್ತು ತಿರುಗುತ್ತಿದೆ. ಅಷ್ಟು ವೇಗದಲ್ಲಿ ತಿರುಗುವ ಉಕ್ಕಿನ ಶಾಫ್ಟು ಅದರ ಬೇರಿಂಗಿಗೆ ನೇರವಾಗಿ ತಾಗಿದರೆ ಕೆಲವೇ ನಿಮಿಷಗಳಲ್ಲಿ ಕಚ್ಚಿ ನಿಲ್ಲುತ್ತದೆ. ಎರಡರ ನಡುವೆ ಕೂದಲಿಗಿಂತ ತೆಳುವಾದ ಎಣ್ಣೆಯ ಪದರವಿದ್ದು, ಪಂಪ್ ಅದನ್ನು ಒತ್ತಡದಿಂದ ಕಳಿಸುತ್ತಲೇ ಇರುತ್ತದೆ; ಶಾಫ್ಟು ಆ ಪದರದ ಮೇಲೆ ತೇಲುತ್ತದೆ. ಎಣ್ಣೆಯ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ಪಿಸ್ಟನ್ನಿನ ತಳದ ಬಿಸಿಯನ್ನು ಹೊತ್ತು ತರುವುದು, ರಿಂಗುಗಳ ಸಂದಿಯಿಂದ ಗ್ಯಾಸ್ ಸೋರದಂತೆ ತಡೆಯುವುದು, ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದು, ಉರಿದುಳಿದ ಮಸಿಯನ್ನು ತನ್ನೊಳಗೆ ತೇಲಿಸಿ ಇಟ್ಟುಕೊಳ್ಳುವುದು, ಇವೂ ಅದರ ಪಾಲಿಗೇ ಬಂದಿವೆ. ಇದಕ್ಕಾಗಿ ಎಣ್ಣೆಗೆ ಸತುವಿನ ಸಂಯುಕ್ತ, ಮಸಿ ತೊಳೆಯುವ ರಾಸಾಯನಿಕ, ಬಿಸಿಗೆ ನೀರಾಗದಂತೆ ತಡೆಯುವ ಪಾಲಿಮರ್ ಎಂದು ಹಲವು ವಸ್ತುಗಳನ್ನು ಬೆರೆಸಿರುತ್ತಾರೆ. ದಿನ ಕಳೆದಂತೆ ಖರ್ಚಾಗುವುದು ಮುಖ್ಯವಾಗಿ ಈ ಬೆರಕೆಗಳು.

ಎಣ್ಣೆ ಕರ್ರಗಾದ ಕೂಡಲೇ ಕೆಟ್ಟಿತು ಎಂದು ತಿಳಿಯುವವರಿದ್ದಾರೆ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಎಣ್ಣೆ ಹಾಕಿದ ಸ್ವಲ್ಪ ದಿನಕ್ಕೇ ಕರ್ರಗಾಗುತ್ತದೆ. ಮಸಿಯನ್ನು ಗೋಡೆಗೆ ಅಂಟಲು ಬಿಡದೆ ತನ್ನಲ್ಲಿ ಹಿಡಿದಿಟ್ಟುಕೊಂಡಿದೆ ಎಂದು ಅದರರ್ಥ. ಹೀಗಾಗಿ ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಕಿಲೋಮೀಟರ್ ನೋಡಿ, ತಿಂಗಳು ನೋಡಿ. ಈಚಿನ ಬಹಳಷ್ಟು ಪೆಟ್ರೋಲ್ ಕಾರುಗಳ ಕೈಪಿಡಿಯಲ್ಲಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂದು ಬರೆದಿರುತ್ತದೆ. ಅದೇ ಕೈಪಿಡಿಯ ಇನ್ನೊಂದು ಪುಟದಲ್ಲಿ ಕಠಿಣ ಬಳಕೆಯ ಗಾಡಿಗಳಿಗೆ ಬೇರೆ ಲೆಕ್ಕ ಇರುತ್ತದೆ: ದೂಳಿನ ರಸ್ತೆ, ಹೆಚ್ಚು ಬಿಸಿಲು, ಹೆಚ್ಚು ಹೇರು, ಮೇಲಿಂದ ಮೇಲೆ ಸಣ್ಣ ಓಡಾಟ. ಆ ಪುಟವನ್ನು ಬಹಳ ಮಂದಿ ಓದುವುದಿಲ್ಲ. ನನ್ನ ಮಟ್ಟಿಗೆ, ಅದು ನಮ್ಮ ತಾಲ್ಲೂಕನ್ನು ನೋಡಿಯೇ ಬರೆದ ಪುಟ.

ಯೋಚಿಸಿ ನೋಡಿ. ನವೆಂಬರಿನ ಹೊತ್ತಿಗೆ ಕಬ್ಬಿನ ಹಂಗಾಮು ಶುರು. ಬಾಡಗಂಡಿಯ ಇಲ್ಲವೇ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೊರಟ ಜೋಡಿ ಟ್ರೇಲರಿನ ಟ್ರ್ಯಾಕ್ಟರ್ ಮುಂದೆ, ಅದರ ಹಿಂದೆ ಎರಡನೇ ಗೇರಿನಲ್ಲಿ ನಮ್ಮ ಕಾರು. ಹೊಲದ ದಾರಿಯಲ್ಲಿ ಎರೆಮಣ್ಣಿನ ನುಣುಪು ದೂಳು. ಲೋಕಾಪುರದ ಕಡೆ ಹೋದರೆ ಸುಣ್ಣಗಲ್ಲಿನ ಬಿಳಿ ದೂಳು. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು. ಅದರ ಮೇಲೆ ಮನೆಯಿಂದ ತೋಟಕ್ಕೆ, ತೋಟದಿಂದ ಸಂತೆಗೆ ಎಂಬ ಎರಡು ಮೂರು ಕಿಲೋಮೀಟರಿನ ಓಡಾಟ. ಇಷ್ಟು ಸಣ್ಣ ಓಡಾಟದಲ್ಲಿ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಉರಿಯುವಾಗ ಹುಟ್ಟಿದ ನೀರಾವಿ, ಅರೆಬೆಂದ ಪೆಟ್ರೋಲು ಎಣ್ಣೆಯೊಳಗೇ ಉಳಿದು ಅದನ್ನು ತೆಳುವಾಗಿಸುತ್ತವೆ, ಹುಳಿಯಾಗಿಸುತ್ತವೆ. ಹೆದ್ದಾರಿಯಲ್ಲಿ ಕೊರ್ತಿ ದಾಟಿ ಕೊಲ್ಹಾರ ಸೇತುವೆಯ ಮೇಲಿಂದ ವಿಜಯಪುರಕ್ಕೆ ಒಂದೇ ಸಮನೆ ಓಡುವ ಕಾರಿಗೂ ಊರೊಳಗೆ ತಿರುಗುವ ಕಾರಿಗೂ ಒಂದೇ ಲೆಕ್ಕ ಹಿಡಿಯಲಾಗದು. ಊರೊಳಗೇ ತಿರುಗುವ ಗಾಡಿಯಾದರೆ ಐದು ಸಾವಿರಕ್ಕೋ ಆರು ತಿಂಗಳಿಗೋ ಬದಲಿಸಿ. ಏರ್ ಫಿಲ್ಟರನ್ನು ಅದಕ್ಕೂ ಮೊದಲೇ ತೆಗೆದು ನೋಡಿ. ಎಂಜಿನ್ನಿನೊಳಗೆ ಹೋದ ದೂಳು ಕೊನೆಗೆ ಸೇರುವುದು ಎಣ್ಣೆಯನ್ನೇ.

ಯಾವ ಎಣ್ಣೆ ಎಂಬ ಪ್ರಶ್ನೆಗೆ ಬರೋಣ. ನಮ್ಮ ಓಣಿಯಲ್ಲಿ ಬಹಳ ಕಾಲದಿಂದ ಟ್ರ್ಯಾಕ್ಟರ್ ಇಟ್ಟುಕೊಂಡಿರುವ ಹಿರಿಯರೊಬ್ಬರು ಈಚೆಗೆ ಕೇಳಿದರು:

"ಮಾಸ್ತರ, ಮನ್ಯಾಗ ಟ್ರ್ಯಾಕ್ಟರಿಂದು ಆಯಿಲ್ ಅರ್ಧ ಡಬ್ಬಿ ಉಳದೈತ್ರಿ. ಮಗನ ಕಾರಿಗೆ ಅದನ್ನ ಹಾಕಿದ್ರ ನಡೀತೈತಿಲ್ಲೋ?"

"ಬ್ಯಾಡ್ರಿ ಕಾಕಾ. ಅದು ಡೀಸೆಲ್ ಎಂಜಿನ್ನಿಂದು. ನಿಮ್ಮ ಮಗಂದು ಪೆಟ್ರೋಲ್ ಗಾಡಿ ಐತಿ."

"ಆಯಿಲ್ ಅಂದ್ರ ಆಯಿಲ್ ಅಲ್ಲೇನ್ರಿ? ಇದು ದಪ್ಪನೂ ಐತಿ. ದಪ್ಪ ಇದ್ದಷ್ಟು ಛಲೋ ಅಂತಾರಲ್ಲ."

"ದಪ್ಪ ಐತಿ ಅಂತನ ಬ್ಯಾಡ ಅನ್ನಾಕತ್ತೀನ್ರಿ ಕಾಕಾ."

ದಪ್ಪ ಎಣ್ಣೆ ಒಳ್ಳೆಯದು ಎಂಬ ನಂಬಿಕೆ ಹಳೆಯ ಎಂಜಿನ್ನುಗಳ ಕಾಲದ್ದು. ಆ ಕಾಲಕ್ಕೆ ಅದರಲ್ಲಿ ಹುರುಳೂ ಇತ್ತು. ಡಬ್ಬಿಯ ಮೇಲೆ 20ಡಬ್ಲ್ಯೂ-40, 5ಡಬ್ಲ್ಯೂ-30, 0ಡಬ್ಲ್ಯೂ-20 ಎಂದೆಲ್ಲ ಇರುತ್ತದಲ್ಲ, ಆ ಲೆಕ್ಕಕ್ಕೆ ಬುನಾದಿ ಹಾಕಿದ್ದು ಅಮೆರಿಕದ ಆಟೊಮೋಟಿವ್ ಎಂಜಿನಿಯರುಗಳ ಸಂಘ, 1911ರಲ್ಲಿ. ಡಬ್ಲ್ಯೂ ಜೊತೆಗಿನ ಸಂಖ್ಯೆ, ತಣ್ಣಗಿರುವಾಗ ಎಣ್ಣೆ ಎಷ್ಟು ಬೇಗ ಹರಿಯುತ್ತದೆ ಎಂಬುದನ್ನು ತಿಳಿಸುತ್ತದೆ. ಸಂಖ್ಯೆ ಚಿಕ್ಕದಿದ್ದಷ್ಟೂ ಬೇಗ ಹರಿಯುತ್ತದೆ. ಕೊನೆಯ ಸಂಖ್ಯೆ, ನೂರು ಡಿಗ್ರಿಗೆ ಕಾದಾಗ ಎಷ್ಟು ದಪ್ಪ ಉಳಿಯುತ್ತದೆ ಎಂಬುದರ ಅಳತೆ. ಒಲೆಯ ಮೇಲಿನ ಬೆಲ್ಲದ ಪಾಕ ನೀರಿನಂತೆ ಹರಿದು, ಕೆಳಗಿಳಿಸಿದ ಮೇಲೆ ಸೌಟಿಗೆ ಅಂಟುವುದನ್ನು ನೋಡಿದವರಿಗೆ ಇದು ತಿಳಿಯುವುದು ಕಷ್ಟವಲ್ಲ. ಬೆಳಗ್ಗೆ ಕಾರು ಚಾಲೂ ಮಾಡಿದ ಮೊದಲ ಕ್ಷಣಗಳಲ್ಲಿ ಎಣ್ಣೆ ಮೇಲಿನ ಕ್ಯಾಮ್‌ಶಾಫ್ಟಿನವರೆಗೆ ಏರಬೇಕು. ಸವೆತ ಹೆಚ್ಚಾಗುವುದು ಆಗಲೇ. ಇಂದಿನ ಎಂಜಿನ್ನಿನಲ್ಲಿ ಎಣ್ಣೆಯ ದಾರಿಗಳು ಕಿರಿದು, ಬೇರಿಂಗಿನ ಸಂದಿ ಬಿಗಿ; ವಾಲ್ವಿನ ಸಮಯ ಹಿಂದೆಮುಂದೆ ಮಾಡುವ ಯಂತ್ರಾಂಗವೂ ಎಣ್ಣೆಯ ಒತ್ತಡದಿಂದಲೇ ಕೆಲಸ ಮಾಡುತ್ತದೆ. 0ಡಬ್ಲ್ಯೂ-20 ಹಾಕು ಎಂದು ಕೈಪಿಡಿ ಹೇಳಿದ ಎಂಜಿನ್ನಿಗೆ 20ಡಬ್ಲ್ಯೂ-40 ತುಂಬಿದರೆ ಅದು ಹೋಗಬೇಕಾದಲ್ಲಿಗೆ ಹೋಗಬೇಕಾದ ಹೊತ್ತಿಗೆ ಹೋಗುವುದಿಲ್ಲ.

ದಪ್ಪವೊಂದನ್ನೇ ನೋಡಿದರೂ ಸಾಲದು. ಎಪಿಐ ಎಂಬ ಗುರುತಿನ ಮುಂದೆ ಎಸ್ ಅಕ್ಷರದಿಂದ ಶುರುವಾದರೆ ಪೆಟ್ರೋಲ್ ಎಂಜಿನ್ನಿನ ದರ್ಜೆ, ಸಿ ಅಕ್ಷರದಿಂದ ಶುರುವಾದರೆ ಡೀಸೆಲ್ಲಿನದು. ಎಸ್‌ಎನ್‌ಗಿಂತ ಎಸ್‌ಪಿ ಹೊಸದು. ಅದು 2020ರಲ್ಲಿ ಬಂತು. ಅದೇ ವರ್ಷ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಬಿಎಸ್-6 ನಿಯಮ ಜಾರಿಯಾಗಿ, ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಬಂತು. ಅಂಥ ಕಾರಿಗೆ ಬೂದಿ ಕಡಿಮೆ ಬಿಡುವ ಎಣ್ಣೆಯೇ ಬೇಕು. ಹಳೆಯ ದರ್ಜೆಯ ಡೀಸೆಲ್ ಆಯಿಲ್ ಹಾಕಿದರೆ ಆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಅದರ ಬೆಲೆ ಕೇಳಿದರೆ ಎದೆ ಒಡೆಯುತ್ತದೆ. ಟ್ರ್ಯಾಕ್ಟರಿನ ಹೈಡ್ರಾಲಿಕ್ಕಿಗೂ ಗೇರಿಗೂ ಹಾಕುವ ಎಣ್ಣೆಯಂತೂ ಯಾವ ಎಂಜಿನ್ನಿನ ಹತ್ತಿರವೂ ಬರಬಾರದು. ಕೈಪಿಡಿ ತೆರೆದು, ಅದರಲ್ಲಿರುವ ಸಂಖ್ಯೆ ಮತ್ತು ಅಕ್ಷರಗಳನ್ನು ಚೀಟಿಯ ಮೇಲೆ ಬರೆದುಕೊಂಡೇ ಅಂಗಡಿಗೆ ಹೋಗಿ. ಸೀಲ್ ನೋಡಿ ತಗೊಳ್ಳಿ, ಬಿಲ್ ಕೇಳಿ ಇಸಿದುಕೊಳ್ಳಿ. ಖಾಲಿಯಾದ ಡಬ್ಬಿಯನ್ನು ಇದ್ದ ಹಾಗೇ ಗುಜರಿಗೆ ಕೊಡಬೇಡಿ. ಕೊಯ್ದು ಅಥವಾ ತೂತು ಮಾಡಿ ಕೊಡಿ. ಒಳ್ಳೆಯ ಕಂಪನಿಯ ಖಾಲಿ ಡಬ್ಬಿಗಳಲ್ಲಿ ಖೊಟ್ಟಿ ಎಣ್ಣೆ ತುಂಬಿ ಮಾರುವ ದಂಧೆ ನಡೆಯುವುದು ಇಂಥ ಡಬ್ಬಿಗಳಿಂದಲೇ.

ಈಗ ಕೆಲಸಕ್ಕೆ ಇಳಿಯೋಣ. ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವ ಮಾತು ಜಾಕಿನದು. ಜಾಕ್ ಇರುವುದು ಗಾಡಿ ಎತ್ತುವುದಕ್ಕೆ; ಕೆಳಗೆ ಮನುಷ್ಯ ಮಲಗಿರುವಾಗ ಗಾಡಿಯನ್ನು ಹೊತ್ತು ನಿಲ್ಲುವುದಕ್ಕಲ್ಲ. ಕಾರಿನ ಜೊತೆ ಕೊಟ್ಟ ಜಾಕ್ ಸ್ಟೆಪ್ನಿ ಬದಲಿಸಲು ಮಾತ್ರ. ಅದರ ಮೇಲೆ ಎತ್ತಿದ ಕಾರಿನ ಕೆಳಗೆ ತಲೆ ಹಾಕಬೇಡಿ, ಕೈ ಕೂಡ ಹಾಕಬೇಡಿ. ಇಟ್ಟಿಗೆ ಪೇರಿಸಿ, ಸಿಮೆಂಟ್ ಬ್ಲಾಕ್ ಇಟ್ಟು ಅದರ ಮೇಲೆ ಕಾರು ಕೂರಿಸುವುದನ್ನು ನಾನು ಕಂಡಿದ್ದೇನೆ. ಬ್ಲಾಕ್ ಮುನ್ಸೂಚನೆ ಕೊಡದೆ ಒಡೆಯುತ್ತದೆ. ಕಬ್ಬಿಣದ ಜಾಕ್ ಸ್ಟ್ಯಾಂಡ್ ಜೋಡಿ ಕೊಳ್ಳಿ, ಇಲ್ಲವೇ ಗಟ್ಟಿಯಾದ ರ‍್ಯಾಂಪ್ ಮಾಡಿಸಿಕೊಳ್ಳಿ. ಎರೆಮಣ್ಣಿನ ಅಂಗಳದಲ್ಲಂತೂ ಜಾಕ್ ಹಚ್ಚಲೇಬೇಡಿ: ಮಳೆಗಾಲದಲ್ಲಿ ಅದು ಕುಸಿಯುತ್ತದೆ, ಬೇಸಿಗೆಯಲ್ಲಿ ಬಿರಿದಿರುತ್ತದೆ. ಕಾಂಕ್ರೀಟು ಹಾಕಿದ ಸಮತಟ್ಟು ನೆಲ ಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಎತ್ತದ ಗಾಲಿಗಳಿಗೆ ಹಿಂದೆಮುಂದೆ ಅಡ್ಡೆ ಕೊಡಿ. ಇಂಥ ಜಾಗ ಮನೆಯಲ್ಲಿ ಇಲ್ಲದವರು ಗಾಡಿ ತೊಳೆಯುವ ಸೆಂಟರಿನವರನ್ನು ಕೇಳಿ ಅವರ ರ‍್ಯಾಂಪಿನ ಮೇಲೆ ಮಾಡಬಹುದು. ಕೆಲವು ಎತ್ತರದ ಗಾಡಿಗಳಿಗೆ ಎತ್ತುವ ಪ್ರಮೇಯವೇ ಇಲ್ಲ. ಒಬ್ಬರು ನುಸುಳುವಷ್ಟು ಜಾಗ ಹಾಗೆಯೇ ಇರುತ್ತದೆ.

ಎಂಜಿನ್ನನ್ನು ಐದು ನಿಮಿಷ ಓಡಿಸಿ ನಿಲ್ಲಿಸಿ. ಬೆಚ್ಚಗಾದ ಎಣ್ಣೆ ತಳದ ಕೆಸರನ್ನೂ ಎಳೆದುಕೊಂಡು ಇಳಿಯುತ್ತದೆ. ದೂರದ ಊರಿಂದ ಬಂದ ಕೂಡಲೇ ಮಾತ್ರ ಬಿಚ್ಚಬೇಡಿ, ತೊಂಬತ್ತು ನೂರು ಡಿಗ್ರಿಯ ಎಣ್ಣೆ ಕೈ ಸುಡುತ್ತದೆ. ಮೇಲಿನ ಮುಚ್ಚಳ ಸಡಿಲಿಸಿ, ಕೆಳಗೆ ಅಗಲ ಬಾಯಿಯ ಬೋಗಣಿ ಇಡಿ. ಅಡುಗೆಮನೆಯ ಪಾತ್ರೆ ಬೇಡ, ಇದಕ್ಕೆಂದೇ ಒಂದು ಇಟ್ಟುಕೊಳ್ಳಿ. ಸಂಪಿನ ಬೋಲ್ಟಿಗೆ ಸರಿಯಾಗಿ ಕೂರುವ ರಿಂಗ್ ಪಾನಾ ಅಥವಾ ಬಾಕ್ಸ್ ಪಾನಾ ಹಿಡಿಯಿರಿ; ಬಾಯಿ ಸವೆದ ಪಾನಾ ಬೋಲ್ಟಿನ ಮೂಲೆ ತಿನ್ನುತ್ತದೆ. ಪಕ್ಕದಲ್ಲೇ ಗೇರ್‌ಬಾಕ್ಸಿನ ಬೋಲ್ಟೂ ಇರುತ್ತದೆ, ಅದನ್ನು ಬಿಚ್ಚಿ ಗೇರ್ ಆಯಿಲ್ ಚೆಲ್ಲಿಕೊಂಡವರು ಎಲ್ಲ ಊರಿನಲ್ಲೂ ಇದ್ದಾರೆ. ಎಂಜಿನ್ನಿನದು ಯಾವುದು ಎಂದು ಚಿತ್ರ ನೋಡಿ ಗೊತ್ತುಮಾಡಿಕೊಂಡೇ ಕೈ ಹಾಕಿ.

ಇಳಿಯುವ ಎಣ್ಣೆಯನ್ನು ಸುಮ್ಮನೆ ಇಳಿಯಲು ಬಿಡದೆ ನೋಡಿ. ಕರ್ರಗಿದ್ದರೆ ಸರಿ. ಹಾಲು ಬೆರೆತಂತೆ ಬೆಳ್ಳಗೆ ನೊರೆ ಇದ್ದರೆ ಒಳಗೆ ನೀರು ಸೇರಿದೆ. ಬೆಳಕಿಗೆ ಹಿಡಿದಾಗ ಲೋಹದ ಚೂರು ಮಿನುಗಿದರೆ ಬೇರಿಂಗ್ ಸವೆಯುತ್ತಿರಬಹುದು. ಪೆಟ್ರೋಲಿನ ವಾಸನೆ ಹೊಡೆದರೆ ಇಂಜೆಕ್ಟರ್ ಕಡೆ ನೋಡಿಸಬೇಕು. ಇವುಗಳಲ್ಲಿ ಯಾವುದು ಕಂಡರೂ ಅಂಗಳದ ಕೆಲಸ ಅಲ್ಲಿಗೆ ನಿಲ್ಲಲಿ, ಮಿಸ್ತ್ರಿಯನ್ನು ಕರೆಯಿರಿ. ವರ್ಷಗಟ್ಟಲೆ ಎಂಜಿನ್ ಬಿಚ್ಚಿದವರ ಕಣ್ಣಿಗೆ ಇರುವ ತಿಳಿವಳಿಕೆ ನಮಗೆ ಬಾರದು.

ತೊಟ್ಟಿಕ್ಕುವುದು ನಿಂತ ಮೇಲೆ ಹೊಸ ವಾಷರ್ ಹಾಕಿ ಬೋಲ್ಟ್ ಕೂರಿಸಿ. ಮೊದಲ ಸುತ್ತುಗಳನ್ನು ಬೆರಳಲ್ಲೇ ತಿರುಗಿಸಿ. ಅಡ್ಡ ಕೂತರೆ ಬೆರಳಿಗೇ ತಿಳಿಯುತ್ತದೆ. ಆಮೇಲೆ ಪಾನಾದಿಂದ ಬಿಗಿ ಮಾಡಿ. ಹಿಡಿಗೆ ಪೈಪು ಸಿಕ್ಕಿಸಿ ಬಿಗಿಯುವ ಟ್ರ್ಯಾಕ್ಟರಿನ ರೂಢಿ ಇಲ್ಲಿ ಬೇಡವೇ ಬೇಡ. ಈಗಿನ ಹಲವು ಸಂಪುಗಳು ಅಲ್ಯೂಮಿನಿಯಮ್ಮಿನವು, ಆಟೆ ಹರಿದರೆ ಸಂಪನ್ನೇ ಬದಲಿಸಬೇಕು. ಫಿಲ್ಟರನ್ನು ಪ್ರತಿ ಸಲವೂ ಬದಲಿಸಿ. ಹಳೆಯದನ್ನು ಬಿಚ್ಚಿದಾಗ ಅದರ ರಬ್ಬರ್ ಬಳೆ ಎಂಜಿನ್ನಿಗೇ ಅಂಟಿ ಉಳಿದಿಲ್ಲ ಎಂದು ಕೈಯಾಡಿಸಿ ನೋಡಿ. ಹಳೆಯ ಬಳೆಯ ಮೇಲೆ ಹೊಸ ಬಳೆ ಕೂತರೆ ಎಣ್ಣೆಯೆಲ್ಲ ಒಮ್ಮೆಗೇ ಹೊರಚೆಲ್ಲುತ್ತದೆ. ಹೊಸ ಫಿಲ್ಟರಿನ ಬಳೆಗೆ ಹೊಸ ಎಣ್ಣೆ ಸವರಿ, ಕೈಯಿಂದ ತಿರುಗಿಸಿ. ಅದು ಎಂಜಿನ್ನಿಗೆ ತಾಗಿದ ಮೇಲೆ ಮುಕ್ಕಾಲು ಸುತ್ತು ಸಾಕು.

ಸಣ್ಣ ಪೆಟ್ರೋಲ್ ಕಾರಿಗೆ ಸುಮಾರು ಮೂರು ಲೀಟರ್ ಹಿಡಿಯುತ್ತದೆ, ನಿಮ್ಮದಕ್ಕೆ ಎಷ್ಟು ಎಂಬುದು ಕೈಪಿಡಿಯಲ್ಲಿದೆ. ಅದಕ್ಕಿಂತ ತುಸು ಕಡಿಮೆ ಹಾಕಿ ಎಂಜಿನ್ ಚಾಲೂ ಮಾಡಿ. ಮುಂದಿನ ಹಲಗೆಯಲ್ಲಿ ಎಣ್ಣೆ ಗಿಂಡಿಯ ಕೆಂಪು ದೀಪ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಕೂಡಲೇ ಬಂದ್ ಮಾಡಿ. ಈ ದೀಪದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ: ಎಣ್ಣೆ ಕಡಿಮೆಯಾದರೆ ಅದು ಮೊದಲೇ ಹೇಳುತ್ತದೆ ಎಂದು. ಅದು ಹೇಳುವುದು ಒತ್ತಡ ಬಿದ್ದುಹೋಗಿದೆ ಎಂಬುದನ್ನು. ರಸ್ತೆಯಲ್ಲಿ ಅದು ಹತ್ತಿಕೊಂಡಿತೆಂದರೆ ಮುಂದಿನ ಊರಿನವರೆಗೆ ಹೋಗೋಣ ಎನ್ನಬೇಡಿ, ಅಲ್ಲೇ ನಿಲ್ಲಿಸಿ. ಎಂಜಿನ್ ಬಂದ್ ಮಾಡಿ ಐದು ನಿಮಿಷ ಬಿಟ್ಟು ಅಳತೆಯ ಕಡ್ಡಿ ಎಳೆದು ಒರೆಸಿ, ಮತ್ತೆ ಅದ್ದಿ ನೋಡಿ. ಎಣ್ಣೆ ಎರಡು ಗುರುತುಗಳ ನಡುವೆ, ಮೇಲಿನ ಗುರುತಿಗೆ ಹತ್ತಿರ ಇರಬೇಕು. ಹೆಚ್ಚು ಹಾಕಿದರೆ ಒಳ್ಳೆಯದು ಎನ್ನುವವರಿಗೆ ಹೇಳುತ್ತೇನೆ: ಮೇಲಿನ ಗುರುತು ದಾಟಿದ ಎಣ್ಣೆಯನ್ನು ಕ್ರ್ಯಾಂಕ್ ಕಡೆದು ನೊರೆ ಮಾಡುತ್ತದೆ. ನೊರೆಯಲ್ಲಿರುವುದು ಗಾಳಿ, ಗಾಳಿ ಬೇರಿಂಗನ್ನು ಕಾಯುವುದಿಲ್ಲ. ಕೊನೆಗೆ ತಾರೀಖು, ಕಿಲೋಮೀಟರು, ಎಣ್ಣೆಯ ದರ್ಜೆ, ಈ ಮೂರನ್ನೂ ಒಂದು ವಹಿಯಲ್ಲಿ ಬರೆದಿಡಿ.

ಇಲ್ಲಿಗೆ ಕಾರಿನ ಕೆಲಸ ಮುಗಿಯಿತು. ಬೋಗಣಿಯಲ್ಲಿ ಮೂರು ಲೀಟರ್ ಕರಿ ಎಣ್ಣೆ ಉಳಿದಿದೆ.

ನಮ್ಮಲ್ಲಿ ಅದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಾವೆಲ್ಲ ಬಲ್ಲೆವು. ಹೊಲದ ಬದುವಿಗೆ ಸುರಿಯುತ್ತೇವೆ, ಹುಲ್ಲು ಸಾಯಲಿ ಎಂದು. ಗಟಾರಕ್ಕೆ ಬಿಡುತ್ತೇವೆ. ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತದಂತೆ ಬಳಿಯುತ್ತೇವೆ, ಸ್ಲ್ಯಾಬ್ ಹಾಕುವಾಗ ಸೆಂಟ್ರಿಂಗ್ ಹಲಗೆಗೆ ಸವರುತ್ತೇವೆ. ಭಟ್ಟಿಗೆ ಹಾಕಿ ಸುಡುವವರೂ ಇದ್ದಾರೆ. ಎತ್ತಿನ ಗಾಯಕ್ಕೆ ನೊಣ ಕೂರದಿರಲಿ ಎಂದು, ನಾಯಿಯ ಕಜ್ಜಿ ಹೋಗಲಿ ಎಂದು ಹಚ್ಚುತ್ತೇವೆ. ಈ ಕೊನೆಯ ರೂಢಿ ಕಂಡಾಗ ನನಗೆ ಸಂಕಟವಾಗುತ್ತದೆ. ಮುಧೋಳದ ಬೇಟೆನಾಯಿಯ ಚಿತ್ರವನ್ನು 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಮುದ್ರಿಸಿದರು. ಆ ತಳಿಗಾಗಿಯೇ ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವಿದೆ. ಇಂಥ ಸೀಮೆಯಲ್ಲಿ ನಾಯಿಯ ಮೈಗೆ ಸುಟ್ಟ ಎಣ್ಣೆ ಬಳಿಯಬಾರದು. ನಾಯಿ ಅದನ್ನು ನೆಕ್ಕುತ್ತದೆ, ಚರ್ಮದೊಳಗೂ ಅದು ಇಳಿಯುತ್ತದೆ. ಕಜ್ಜಿಗೆ ಪಶುವೈದ್ಯರಲ್ಲಿ ಒಳ್ಳೆಯ ಔಷಧವಿದೆ.

ಡಬ್ಬಿಯಿಂದ ಹೊರಬಂದಾಗ ಇದ್ದ ಎಣ್ಣೆ ಬೇರೆ, ಎಂಜಿನ್ನಿನಿಂದ ಇಳಿದ ಎಣ್ಣೆ ಬೇರೆ. ಬಳಸಿದ ಎಣ್ಣೆಯಲ್ಲಿ ಸವೆದ ಲೋಹಗಳಿರುತ್ತವೆ, ಅರೆಬೆಂದ ಇಂಧನದಿಂದ ಹುಟ್ಟಿದ, ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳಿರುತ್ತವೆ. ದಿನವೂ ಚರ್ಮಕ್ಕೆ ತಗುಲುತ್ತಿದ್ದರೆ ಏನಾಗುತ್ತದೆ ಎಂಬುದನ್ನು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಆದ್ದರಿಂದ ಈ ಕೆಲಸಕ್ಕೆ ರಬ್ಬರಿನ ಕೈಗವಸು ಹಾಕಿಕೊಳ್ಳಿ. ಎಣ್ಣೆ ಒರೆಸಿದ ಅರಿವೆಯನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಡಿ. ನೀರಿನ ಮಾತು ಇನ್ನೂ ದೊಡ್ಡದು. ಒಂದು ಕಾರಿನಿಂದ ಒಂದು ಸಲ ಇಳಿಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು ಮೂವತ್ತೆಂಟು ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಜನರನ್ನು ಎಚ್ಚರಿಸುತ್ತ ಬಂದಿದೆ.

ಆ ಲೆಕ್ಕವನ್ನು ನಮ್ಮ ನಕ್ಷೆಯ ಮೇಲೆ ಇಟ್ಟು ನೋಡಿ. ನಮ್ಮ ತಾಲ್ಲೂಕಿನ ಒಂದು ಮಗ್ಗುಲಿಗೆ ಕೃಷ್ಣೆ, ಇನ್ನೊಂದು ಮಗ್ಗುಲಿಗೆ ಘಟಪ್ರಭೆ. ಆಲಮಟ್ಟಿ ಅಣೆಕಟ್ಟಿನಲ್ಲಿ 519.60 ಮೀಟರಿನವರೆಗೆ ನೀರು ನಿಂತರೆ ಎರಡೂ ಕಡೆ ಹಿನ್ನೀರು ಊರ ಹತ್ತಿರಕ್ಕೇ ಬರುತ್ತದೆ. ಆ ನೀರಿಗಾಗಿ ಹೊಲ ಬಿಟ್ಟುಕೊಟ್ಟವರು, ಮನೆ ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದವರು ನಮ್ಮ ನಡುವೆಯೇ ಇದ್ದಾರೆ. ಬದುವಿನ ಮೇಲೆ ಸುರಿದ ಎಣ್ಣೆ ಮೊದಲ ಮುಂಗಾರಿಗೇ ಹಳ್ಳಕ್ಕೆ, ಹಳ್ಳದಿಂದ ಹಿನ್ನೀರಿಗೆ ಸೇರುತ್ತದೆ. ಸೇರದೆ ಉಳಿದದ್ದು ಎರೆಮಣ್ಣಿನ ಬಿರುಕಿನಲ್ಲಿ ಕೆಳಗಿಳಿಯುತ್ತದೆ. ಅಷ್ಟು ದೊಡ್ಡ ಬೆಲೆ ತೆತ್ತು ಪಡೆದ ನೀರಿಗೆ ನಾವೇ ಎಣ್ಣೆ ಬೆರೆಸುವುದನ್ನು ನೋಡಿ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ಇದಕ್ಕೆ ದಾರಿ ಇದೆ. ಎಣ್ಣೆ ಹೊಲಸಾಗುತ್ತದೆಯೇ ಹೊರತು ಅದರ ಮೂಲ ಗುಣ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ನೀರು ಆರಿಸಿ, ನಿರ್ವಾತದಲ್ಲಿ ಭಟ್ಟಿ ಇಳಿಸಿ, ಸೋಸಿ, ಹೊಸ ಬೆರಕೆಗಳನ್ನು ಸೇರಿಸಿದರೆ ಅದು ಮತ್ತೆ ಎಂಜಿನ್ ಆಯಿಲ್ ಆಗುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಹೋಗಬೇಕಾದದ್ದು ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೆದ ಮರುಬಳಕೆ ಘಟಕಗಳಿಗೆ. 2023ರ ಸೆಪ್ಟೆಂಬರಿನಲ್ಲಿ ಆ ನಿಯಮಗಳಿಗೆ ತಿದ್ದುಪಡಿ ಬಂದು, 2024ರ ಏಪ್ರಿಲ್ 1ರಿಂದ ಎಣ್ಣೆ ತಯಾರಿಸುವ, ಆಮದು ಮಾಡುವ ಕಂಪನಿಗಳ ಮೇಲೇ ಬಳಸಿದ ಎಣ್ಣೆಯ ಮರುಬಳಕೆಯ ಹೊಣೆ ಬಿದ್ದಿದೆ. ಎಷ್ಟು ಮಾರಿದರೋ ಅದರಲ್ಲಿ ಇಂತಿಷ್ಟು ಪಾಲು ಮರುಬಳಕೆಯಾಗಬೇಕು. ಆ ಪಾಲು ವರ್ಷದಿಂದ ವರ್ಷಕ್ಕೆ ಏರುತ್ತದೆ. ಅಂದಮೇಲೆ ಈ ಕರಿ ಎಣ್ಣೆ ಬೇಕು ಎನ್ನುವವರು ಇದ್ದಾರೆ. ಅವರಿಗೂ ನಮ್ಮ ಅಂಗಳಕ್ಕೂ ನಡುವಿನ ಕೊಂಡಿ ಮಾತ್ರ ಇಲ್ಲ. ಮೂರು ಲೀಟರಿಗಾಗಿ ಯಾರೂ ಬೀಳಗಿಗೆ ಗಾಡಿ ತರುವುದಿಲ್ಲ. ಇನ್ನೂರು ಲೀಟರಿನ ಬ್ಯಾರೆಲ್ ತುಂಬಿದರೆ ಬರುತ್ತಾರೆ.

ಆ ಬ್ಯಾರೆಲ್ಲನ್ನು ನಾವೇ ಇಡೋಣ ಎಂಬುದು ನನ್ನ ಕೋರಿಕೆ. ನಮ್ಮ ನೆರೆಯ ಜಮಖಂಡಿ ಸೀಮೆಯ ರೈತರು 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ, ಸರ್ಕಾರದ ದಾರಿ ಕಾಯದೆ ತಾವೇ ಹಣ ಕೂಡಿಸಿ, ತಾವೇ ಕಲ್ಲುಮಣ್ಣು ಹೊತ್ತು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಎಂದು ಅದನ್ನು ಕರೆಯುತ್ತೇವೆ. ನೀರು ನಿಲ್ಲಿಸಲು ಅಷ್ಟು ಮಾಡಿದ ಜನಕ್ಕೆ ನೀರು ಕಾಯಲು ಒಂದು ಬ್ಯಾರೆಲ್ ಭಾರವಲ್ಲ. ಊರಿನ ಕೃಷಿ ಪತ್ತಿನ ಸೊಸೈಟಿ ಇದಕ್ಕೆ ತಕ್ಕ ಜಾಗ; ಗೊಬ್ಬರ, ಬೀಜಕ್ಕೆ ಎಲ್ಲರೂ ಅಲ್ಲಿಗೆ ಬಂದೇ ಬರುತ್ತಾರೆ. ಟ್ರ್ಯಾಕ್ಟರಿನವರು, ಕಾರಿನವರು, ಬೈಕಿನವರು, ಜೊತೆಗೆ ಗ್ಯಾರೇಜಿನವರು ಎಲ್ಲರ ಎಣ್ಣೆ ಒಂದೆಡೆ ಸೇರಿದರೆ ಬ್ಯಾರೆಲ್ ತುಂಬಲು ಬಹಳ ಕಾಲ ಬೇಕಿಲ್ಲ. ಸೊಸೈಟಿಯ ಕಾರ್ಯದರ್ಶಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಪತ್ರ ಬರೆದು ಒಪ್ಪಿಗೆ ಇರುವ ಘಟಕಗಳ ಪಟ್ಟಿ ತರಿಸಿಕೊಳ್ಳಲಿ, ಎಣ್ಣೆ ಕೂಡಿಡುವುದಕ್ಕೆ ಏನು ಕ್ರಮ ಬೇಕು ಎಂದೂ ಕೇಳಲಿ. ಒಯ್ಯುವವರು ಹಣ ಕೊಟ್ಟರೆ ಅದು ಸೊಸೈಟಿಯ ಲೆಕ್ಕಕ್ಕೆ ಜಮಾ ಆಗಲಿ. ಗುಜರಿಯವರು ಬಾಗಿಲಿಗೇ ಬಂದು ಕೇಳಿದರೂ ಕೊಡಬೇಡಿ. ಆ ಎಣ್ಣೆ ಕಂಪನಿಯ ಡಬ್ಬಿ ಸೇರಿ ನಿಮ್ಮ ಎಂಜಿನ್ನಿಗೇ ತಿರುಗಿ ಬಂದೀತು.

ಬ್ಯಾರೆಲ್ ಇಡುವವರಿಗೆ ಕೆಲವು ಮಾತು. ಅದು ಚಾವಣಿಯ ಕೆಳಗೆ, ಕಾಂಕ್ರೀಟಿನ ಮೇಲೆ, ಬೆಂಕಿಯಿಂದ ದೂರ ಇರಲಿ. ಮಳೆನೀರು ಒಳಗಿಳಿಯದಂತೆ ಮುಚ್ಚಳ ಬಿಗಿಯಾಗಿರಲಿ. ಎಂಜಿನ್ ಆಯಿಲ್ ಬಿಟ್ಟು ಬೇರೇನನ್ನೂ ಅದರೊಳಗೆ ಹಾಕಲು ಬಿಡಬೇಡಿ. ಕೂಲೆಂಟ್, ಪೆಟ್ರೋಲ್, ಬಣ್ಣದ ತಿನ್ನರ್, ಕ್ರಿಮಿನಾಶಕ, ಇವುಗಳಲ್ಲಿ ಒಂದು ಸೇರಿದರೂ ಇಡೀ ಬ್ಯಾರೆಲ್ ಮರುಬಳಕೆಗೆ ಬಾರದೆ ಹೋಗಬಹುದು. ಕ್ರಿಮಿನಾಶಕದ ಖಾಲಿ ಬಾಟಲಿಯಲ್ಲಿ ಎಣ್ಣೆ ತರಬೇಡಿ, ಹೊಸ ಎಣ್ಣೆ ಬಂದ ಡಬ್ಬಿಯಲ್ಲೇ ತನ್ನಿ ಎಂದು ಎಲ್ಲರಿಗೂ ತಿಳಿಸಿ. ಹಳೆಯ ಫಿಲ್ಟರಿನೊಳಗೂ ಎಣ್ಣೆ ಉಳಿದಿರುತ್ತದೆ. ಅದರ ತಲೆಗೆ ತೂತು ಮಾಡಿ ಒಂದು ರಾತ್ರಿ ಬೋರಲು ಹಾಕಿ, ಇಳಿದದ್ದನ್ನು ಬ್ಯಾರೆಲ್ಲಿಗೆ ಸೇರಿಸಿ. ಫಿಲ್ಟರುಗಳನ್ನು ಬೇರೆ ಚೀಲದಲ್ಲಿ ಕೂಡಿಡಿ. ಕಬ್ಬಿನ ಹಂಗಾಮು ಮುಗಿದ ಕೂಡಲೇ ಟ್ರ್ಯಾಕ್ಟರುಗಳೆಲ್ಲ ಒಟ್ಟಿಗೇ ಆಯಿಲ್ ಬದಲಿಗೆ ನಿಲ್ಲುತ್ತವೆ. ಅಷ್ಟರೊಳಗೆ ನಿಮ್ಮ ಊರಿನ ಸೊಸೈಟಿಯಲ್ಲಿ ಈ ಮಾತು ಎತ್ತಿರಿ.